ಡೊಂಬಿವಲಿಯ ಎರಡನೆಯ ಅಂಕಣ

ಮಿರಜ್

ನಮ್ಮ ಓಣಿಯವರೊಬ್ಬರು ದುಬೈಗೆ ಹೋಗಿ ಬಂದು ವರ್ಷಗಟ್ಟಲೆ ಅದೇ ಕತೆ ಹೇಳಿಕೊಂಡು ತಿರುಗಿದರು. ನಾನು ಹೋದದ್ದು ಡೊಂಬಿವಲಿಗೆ. ವಿಮಾನ ಹತ್ತಲಿಲ್ಲ, ಸಮುದ್ರ ದಾಟಲಿಲ್ಲ. ಆದರೂ ಇದನ್ನು ಪರದೇಶ ಪ್ರವಾಸವೆಂದೇ ಬರೆಯುತ್ತೇನೆ, ಯಾರಾದರೂ ನಗುವುದಿದ್ದರೆ ಈಗಲೇ ನಕ್ಕುಬಿಡಲಿ. ಮಿರಜ್‌ನಲ್ಲಿ ಇಳಿದು ನಾನೂ ಹೆಂಡತಿ ಗಿರಿಜಾಳೂ ಗಾಡಿ ಬದಲಿಸಿದೆವು ನೋಡಿ, ಅಲ್ಲಿಂದ ಮುಂದೆ ನನ್ನ ಕನ್ನಡ ನಡೆಯದ ನಾಣ್ಯವಾಯಿತು. ಚಹಾ ಮಾರುವವನು ಕೇಳಿದ್ದು ನನಗೆ ತಿಳಿಯಲಿಲ್ಲ, ನಾನು ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕಮೇಲೆ ಚಹಾ ಬಂತು.

ಅವನಿಗೆ ತಿಳಿಯದೇ ಇರುವುದಕ್ಕೆ ಭಾಷೆಯೊಂದೇ ಕಾರಣವಾಗಿರಲಿಲ್ಲ. ನನ್ನ ನಾಲಿಗೆಯೂ ನೆಟ್ಟಗಿರಲಿಲ್ಲ. ಬರೆಯುವಾಗ ತಡವರಿಸುವುದಿಲ್ಲವಾದ್ದರಿಂದ ಓದುವವರಿಗೆ ಅದು ಗೊತ್ತಾಗಲಿಕ್ಕಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಹಾವೇರಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಕೂಗುವುದು ನನ್ನ ಕೆಲಸ. 'ಪ್ರಯಾಣಿಕರ ಗಮನಕ್ಕೆ. ಹಾನಗಲ್ಲ ಮಾರ್ಗವಾಗಿ ಶಿರಸಿಗೆ ಹೋಗುವ ಬಸ್ಸು ಎರಡನೆಯ ಅಂಕಣದಲ್ಲಿ ನಿಂತಿದೆ.' ಇಷ್ಟೇ. ಆದರೆ ಇಷ್ಟನ್ನೇ ಹೇಳುವುದರಲ್ಲಿ ಒಂದು ಹದವಿದೆ. ಊರಿನ ಹೆಸರನ್ನು ಸ್ವಲ್ಪ ಎಳೆಯಬೇಕು, ಅಂಕಣದ ಸಂಖ್ಯೆಯನ್ನು ಒತ್ತಿ ಹೇಳಬೇಕು. ಮೂತ್ರಿಗೆ ಹೋದವನಿಗೂ ಕೇಳಬೇಕು, ತೊಡೆಯ ಮೇಲಿನ ಕೂಸು ಏಳಬಾರದು. ಸಂತೆಯಲ್ಲಿ ಯಾರೋ ಅಪರಿಚಿತರು ನನ್ನ ಮಾತು ಕೇಳಿ, 'ನೀವು ಬಸ್ ಸ್ಟ್ಯಾಂಡಿನವ್ರಲ್ಲೇನ್ರೀ?' ಎಂದು ಗುರುತು ಹಿಡಿದಾಗ ನನಗಾಗುತ್ತಿದ್ದ ಹಿಗ್ಗನ್ನು ಮುಚ್ಚಿಡುವುದೇ ಕಷ್ಟವಾಗುತ್ತಿತ್ತು.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಶ್ಶು ಕೈಯಿಂದ ಜಾರಿಬಿತ್ತು. ಎತ್ತಿಕೊಳ್ಳಲು ಕೈ ಬರಲಿಲ್ಲ, ಗಿರಿಜಾಳನ್ನು ಕೂಗಲು ಬಾಯಿ ಬರಲಿಲ್ಲ. ಲಕ್ವಾ ಹೊಡೆದಿತ್ತು. ಕಾಲು ಬೇಗ ಸರಿಯಾಯಿತು, ಬಲಗೈ ಅರ್ಧಮರ್ಧ. ಆದರೆ ಮನೆಗೆ ಬಂದ ಮೇಲೆ ಎರಡು ಸಲ ಫಿಟ್ಸ್ ಬಂತು. ಹುಬ್ಬಳ್ಳಿಯ ಡಾಕ್ಟರು ಅದಕ್ಕೆಂದು ಗುಳಿಗೆ ಬರೆದುಕೊಟ್ಟರು. ಆಮೇಲೆ ಎರಡು ವರ್ಷ ಫಿಟ್ಸಿನ ಸುಳಿವಿಲ್ಲ. ಆದರೆ ಊಟವಾದರೆ ನಿದ್ದೆ, ಕೂತರೆ ನಿದ್ದೆ. ನಾಲಿಗೆಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಶಿರಸಿ ಬಸ್ಸು ಬಂದಿದೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತಿತ್ತು. ಮೇಲಿನವರು ಒಳ್ಳೆಯವರು, ಬಯ್ಯಲಿಲ್ಲ. ಸ್ಟೋರ್ ರೂಮಿನಲ್ಲಿ ಒಂದು ಕುರ್ಚಿ ಕೊಟ್ಟು ಕೂರಿಸಿದರು. ಮೈಕನ್ನು ಬೇರೆಯವರಿಗೆ ಕೊಟ್ಟರು.

ಗಿರಿಜಾಳಿಗೆ ಮೈಕಿನ ಚಿಂತೆಯಿರಲಿಲ್ಲ. ಆ ಎರಡು ಫಿಟ್ಸನ್ನು ನಾನು ಕಂಡಿಲ್ಲ, ಅವಳು ಕಂಡಿದ್ದಾಳೆ. ಅಂದಿನಿಂದ ರಾತ್ರಿ ಮಲಗುವಾಗ ತನ್ನ ಸೆರಗಿನ ತುದಿಯನ್ನು ನನ್ನ ಮಣಿಕಟ್ಟಿಗೆ ಗಂಟು ಹಾಕುತ್ತಾಳೆ. ಕೈ ಜಗ್ಗಿದರೆ ಎಚ್ಚರವಾಗಲಿ ಎಂದು. ನಾನು ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಾಳೆ. ಹೀಗೆ ನನ್ನ ಪಾಲಿನ ನಿದ್ದೆ ಹೆಚ್ಚಾಯಿತು, ಅವಳ ಪಾಲಿನದು ಕಡಿಮೆಯಾಯಿತು.

ಅಷ್ಟರಲ್ಲಿ ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಅವಳ ತಮ್ಮ ಬಸವರಾಜ ಫೋನು ಮಾಡಿದ. ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಲಕ್ವಾ ಹೊಡೆದವರ ಫಿಟ್ಸ್ ಗುಳಿಗೆಯ ಮೇಲೆ ಸಂಶೋಧನೆ ನಡೆದಿದೆಯಂತೆ. ಬಹಳ ದಿನ ಫಿಟ್ಸ್ ಬಾರದವರಿಗೆ ಗುಳಿಗೆ ನಿಲ್ಲಿಸಬಹುದೇ ಎಂದು ನೋಡುತ್ತಾರಂತೆ. ನಾನು ಅಂದೇ ಚೀಲ ಕಟ್ಟಿದೆ. ಗಿರಿಜಾ ನನ್ನ ಗುಳಿಗೆಯ ಡಬ್ಬಿಯನ್ನು ತನ್ನ ಚೀಲದೊಳಗೆ ಕಟ್ಟಿಕೊಂಡಳು.

ಡೊಂಬಿವಲಿ

ಬಸವರಾಜನ ಮನೆ ಒಂದು ಕೋಣೆ, ಒಂದು ಅಡುಗೆಮನೆ. ಅವನ ಹೆಂಡತಿ ತನ್ನ ತಂಗಿಯ ಬಾಣಂತನ ಮಾಡಲೆಂದು ಅವಳ ಊರಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅವನು ಮತ್ತು ಕಾಲೇಜಿಗೆ ಹೋಗುವ ಮಗಳು ಸವಿತಾ. ಆ ಹುಡುಗಿ ನಮ್ಮ ಕನ್ನಡವನ್ನು ಪೂರಾ ತಿಳಿದುಕೊಳ್ಳುತ್ತಾಳೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. 'ಮಾಮಾ, ಬೈಠೋ ನಾ. ಆತ್ಯಾ, ಚಾಯ್ ಮೈ ಬನಾತೀ ಹೂಂ.' ಸೋದರತ್ತೆಗೆ ಮರಾಠಿ ಹೆಸರು, ಚಹಾಕ್ಕೆ ಹಿಂದಿ, ನನ್ನನ್ನು ಕರೆಯಲು ಮಾತ್ರ ಹಾವೇರಿ. ಗಿರಿಜಾ ಮೊದಲ ದಿನ ಬೇಜಾರು ಮಾಡಿಕೊಂಡಳು. ಎರಡನೆಯ ದಿನ, 'ಚಾಯ್ ಛಲೋ ಮಾಡ್ತಾಳ' ಎಂದು ರಾಜಿಯಾದಳು.

ಇಲ್ಲಿಯ ಜನ ನಡೆಯುವುದಿಲ್ಲ, ಹೊರಟೇ ಇರುತ್ತಾರೆ. ನಮ್ಮಲ್ಲಿ ಬಸ್ಸು ಬಂದು ನಿಂತ ಮೇಲೂ ಒಂದು ಬೀಡಿ ಸೇದಿ, ಕಂಡಕ್ಟರನ ಮನೆಯವರ ಆರೋಗ್ಯ ಕೇಳಿ ಹತ್ತುವ ರೂಢಿ. ಇಲ್ಲಿ ಲೋಕಲ್ ಗಾಡಿ ನಿಲ್ಲುವ ಮೊದಲೇ ಅರ್ಧ ಜನ ಒಳಗಿರುತ್ತಾರೆ. ಒಳಗೆ ಹೋದಮೇಲೆ ಮಾತ್ರ ಅವರಷ್ಟು ಸಮಾಧಾನದವರಿಲ್ಲ. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವನು ಬಂದು ನಿಂತರೆ ಯಾರೂ ಏನೂ ಕೇಳದೆ ತುಸು ತುಸುವೇ ಸರಿಯುತ್ತಾರೆ. ಅರ್ಧ ಕುಂಡಿ ಊರುವಷ್ಟು ಜಾಗ ಹೇಗೋ ಹುಟ್ಟುತ್ತದೆ. ನಮ್ಮೂರ ಮದುವೆಗಳಲ್ಲಿಯೂ ಊಟದ ಪಂಕ್ತಿಯಲ್ಲಿ ಇಷ್ಟು ಸುಲಭವಾಗಿ ಸರಿಯುವವರನ್ನು ನಾನು ನೋಡಿಲ್ಲ.

ನಾನು ಹೆಚ್ಚು ನೋಡಿದ್ದು, ಅಂದರೆ ಕೇಳಿದ್ದು, ಸ್ಟೇಷನ್ನಿನ ಕೂಗನ್ನು. ಒಂದೇ ಮಾತನ್ನು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಧ್ವನಿ ಚೆನ್ನಾಗಿದೆ, ಆದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದು ಗೊತ್ತಿಲ್ಲ. ಊರ ಹೆಸರಿಗೆ ಬರುವಷ್ಟರಲ್ಲಿ ಗಂಟಲು ಒಣಗಿರುತ್ತದೆ. ನಾನು ಇದನ್ನು ಬಸವರಾಜನಿಗೆ ವಿವರಿಸಲು ಹೊರಟೆ. ಅವನು ನನ್ನ ವಾಕ್ಯ ಮುಗಿಯುವವರೆಗೆ ಕಾದು ನಿಂತ. ಅಷ್ಟರಲ್ಲಿ ನಮ್ಮ ಗಾಡಿ ಹೋಯಿತು.

'ಇರ್ಲಿ ಬಿಡ್ರಿ ಭಾವಾ, ಹಿಂದ ಇನ್ನೊಂದ್ ಐತಿ' ಎಂದ. ಅವನ ಸಮಾಧಾನ ನನಗೆ ಆ ದಿನ ಬಹಳ ನೋವು ಕೊಟ್ಟಿತು.

ನವಿ ಮುಂಬಯಿ

ಠಾಣೆ ಎಂಬ ಊರಿನಲ್ಲಿ ಲೋಕಲ್ ಇಳಿದು ಬಸ್ಸು ಹಿಡಿದೆವು. ಕಳವಾ ಎಂಬಲ್ಲಿಂದ ಆಚೆ ರಸ್ತೆಯುದ್ದಕ್ಕೂ ಕಾರ್ಖಾನೆಗಳು, ಒಂದೊಂದಕ್ಕೂ ಒಂದೊಂದು ವಾಸನೆ. ನವಿ ಮುಂಬಯಿ ಬಂದಾಗ ರಸ್ತೆ ಅಗಲವಾಯಿತು, ಜನ ಕಡಿಮೆಯಾದರು. ಮನೆಗಳೆಲ್ಲ ಇನ್ನೂ ಯಾರಿಗೋ ಕಾಯುತ್ತಿರುವ ಹಾಗೆ ಖಾಲಿ ನಿಂತಿದ್ದವು. ನಮ್ಮನ್ನು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿ ಬಸವರಾಜ ಶಿಫ್ಟಿಗೆ ಓಡಿದ.

ಡಾಕ್ಟರಮ್ಮ ಉಡುಪಿ ಕಡೆಯವರು. 'ಬನ್ನಿ, ಕೂತುಕೊಳ್ಳಿ. ಪ್ರಯಾಣ ಎಲ್ಲ ಆರಾಮ ಆಯ್ತಾ?' ಎಂದ ಕೂಡಲೇ ಗಿರಿಜಾಳ ಮುಖ ಅರಳಿತು. ಪರದೇಶದಲ್ಲಿ ತವರಿನವರು ಸಿಕ್ಕರು ಎಂದು ಅವಳ ಲೆಕ್ಕ. ಉಡುಪಿಗೂ ಹಾವೇರಿಗೂ ಇರುವ ದೂರ ಅಲ್ಲಿ ಯಾರಿಗೆ ನೆನಪಿರುತ್ತದೆ!

ಅವರು ನನ್ನ ತಲೆಯ ಫೋಟೋವನ್ನು ಬೆಳಕಿಗೆ ಹಿಡಿದು ಒಂದು ಕಪ್ಪು ಗುರುತು ತೋರಿಸಿದರು. 'ಇಲ್ಲಿ ರಕ್ತ ಹೋಗದೆ ಮೆದುಳಿನ ಸ್ವಲ್ಪ ಭಾಗ ಸತ್ತುಹೋಗಿದೆ. ಗಾಯ ಮಾಗಿದೆ, ಕಲೆ ಉಳಿದಿದೆ. ಆ ಕಲೆಯ ಸುತ್ತ ಕಿರಿಕಿರಿ ಎದ್ದರೆ ಫಿಟ್ಸ್. ಅದನ್ನು ತಡೆಯಲಿಕ್ಕೆ ಈ ಮಾತ್ರೆ.'

ನಾನು ಬಹಳ ಹೊತ್ತು ತೆಗೆದುಕೊಂಡು ಕೇಳಿದೆ, 'ನನ್ನ ನಾಲಿಗಿ ನಿಧಾನ ಆಗಿದ್ದು ಕಲೆಯಿಂದನೋ, ಗುಳಗಿಯಿಂದನೋ?'

'ನನಗೂ ಗೊತ್ತಿಲ್ಲ' ಎಂದರು ಅವರು. 'ಗೊತ್ತಿದ್ದರೆ ಸಂಶೋಧನೆ ಯಾಕೆ ಮಾಡ್ತಿದ್ದೆವು ಮಾರಾಯ್ರೆ?'

ಆಮೇಲೆ ವಿವರಿಸಿದರು. ಸಂಶೋಧನೆಗೆ ಬಂದವರಲ್ಲಿ ಅರ್ಧ ಜನರಿಗೆ ಇದೇ ಗುಳಿಗೆ ಮುಂದುವರಿಯುತ್ತದೆ. ಉಳಿದವರಿಗೆ ನಿಧಾನಕ್ಕೆ ಇಳಿಸುತ್ತಾ ಹೋಗಿ, ನೋಡಲು ಹಾಗೇ ಇರುವ, ಆದರೆ ಔಷಧವೇ ಇಲ್ಲದ ಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ, ಎಲ್ಲ ಮುಗಿದ ಮೇಲೆಯೇ ಹೊರಬರುತ್ತದೆ. ಫಿಟ್ಸ್ ಬಂದರೆ ಮಾತ್ರ ಕೊಟ್ಟದ್ದು ಯಾವ ಗುಳಿಗೆಯೆಂದು ಆ ಕ್ಷಣ ತೆರೆದು ನೋಡುತ್ತಾರೆ.

ಗಿರಿಜಾ ಎಲ್ಲವನ್ನೂ ಕೇಳಿಸಿಕೊಂಡಳು. 'ಡಾಕ್ಟರಿಗೇ ಗೊತ್ತಿರದ ಗುಳಗಿ ನಾವ್ಯಾಕ ನುಂಗೂಣ್ರೀ?'

'ಹಾಗೆ ಗೊತ್ತಿಲ್ಲದಿದ್ದರೆ ಮಾತ್ರ ಸತ್ಯ ಸಿಗ್ತದೆ ಅಮ್ಮ. ಗೊತ್ತಿದ್ದರೆ ನಾನೂ ನೀವೂ ನಮಗೆ ಬೇಕಾದ್ದನ್ನೇ ಕಾಣ್ತೇವೆ.'

'ಮತ್ತ ಫಿಟ್ಸ್ ಬಂದ್ರ?'

'ಬರಬಹುದು. ಬರುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಮನಸ್ಸಿಲ್ಲದಿದ್ದರೆ ಸೇರಬೇಡಿ, ಈಗಿನ ಮಾತ್ರೆಯೇ ಮುಂದುವರಿಸಿ. ಆದರೆ ಒಂದು, ಮನೆಯಲ್ಲಿ ನೀವೇ ನಿಲ್ಲಿಸಲಿಕ್ಕೆ ಹೋಗಬೇಡಿ. ಅದು ಅಪಾಯ.' ಈ ಕೊನೆಯ ಮಾತನ್ನು ಅವರು ನನ್ನನ್ನು ನೋಡಿಯೇ ಹೇಳಿದರು. ನನ್ನಂಥವರನ್ನು ಬಹಳ ಜನರನ್ನು ಕಂಡಿರಬೇಕು.

ಯೋಚಿಸಿ ನಾಳೆ ಹೇಳಿ ಎಂದರು. ಹೊರಗೆ ಬಂದ ಮೇಲೆ ಗಿರಿಜಾ ನೇರ ಮಾತಿಗೆ ಬಂದಳು. 'ನಾ ಒಪ್ಪೂದಿಲ್ಲ. ನೀವು ಮಾತಾಡದಿದ್ರೂ ನಡೀತೈತಿ. ಬಿದ್ರ ನಡ್ಯಂಗಿಲ್ಲ. ನಾ ನೀರು ತರಾಕ ಹೋದಾಗ ಬಿದ್ರ ಯಾರ್ ಹಿಡೀತಾರ?'

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಈಗ ಯಾವ ಕೆಲಸಕ್ಕೂ ಬರುವುದಿಲ್ಲ. ಬಾಯಿಗೆ ಬರುವಷ್ಟರಲ್ಲಿ ಆರಿಹೋಗಿರುತ್ತದೆ. 'ಮೈಕ್...' ಎಂದೆ, ಅಷ್ಟೇ ಬಂತು. ಅವಳು ನನ್ನ ಕೈ ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು.

ಕಲ್ಯಾಣ, ಅಲ್ಲಿ ನಾನು ಇಳಿಯಬೇಕಾಗಿರಲಿಲ್ಲ

ಠಾಣೆಗೆ ಮರಳಿದಾಗ ಸಂಜೆಯ ನೂಕುನುಗ್ಗಲು. ದಾರಿಯನ್ನು ಬಸವರಾಜ ಗಿರಿಜಾಳಿಗೆ ಬಾಯಿಪಾಠ ಮಾಡಿಸಿದ್ದ: ಕಳವಾ, ಆಮೇಲೆ ಗುಡ್ಡ ಕಂಡರೆ ಮುಂಬ್ರಾ, ಆಮೇಲೆ ದಿವಾ, ಆಮೇಲೆ ಇಳಿಯೋದು. ಆದರೆ ಗಾಡಿ ಬಂದಾಗ ಯಾರು ಎಲ್ಲಿ ಹತ್ತಬೇಕೆಂಬುದನ್ನು ನಾವು ತೀರ್ಮಾನಿಸಲಿಲ್ಲ, ಗುಂಪೇ ತೀರ್ಮಾನಿಸಿತು. ಹೆಂಗಸರ ಒಂದು ತೆರೆ ಬಂದು ಗಿರಿಜಾಳನ್ನು ಲೇಡೀಸ್ ಡಬ್ಬಿಯೊಳಗೆ ಎಳೆದುಕೊಂಡಿತು. ನನ್ನನ್ನು ಹಿಂದಿನವರು ಪಕ್ಕದ ಡಬ್ಬಿಗೆ ಎತ್ತಿ ಹಾಕಿದರು. 'ಡೊಂಬಿವಲೀ...!' ಎಂದು ಅವಳು ಕೂಗಿದ್ದು ಮಾತ್ರ ಕೇಳಿತು.

ನನ್ನ ಮಡಚಿದ ಕೈ ನೋಡಿ ಒಬ್ಬರು ಸರಿದರು, ಇನ್ನೊಬ್ಬರು ಸರಿದರು. ನಾಲ್ಕನೆಯ ಸೀಟು ಸಿಕ್ಕಿತು. ಮಧ್ಯಾಹ್ನದ ಗುಳಿಗೆ ಹೊಟ್ಟೆಯಲ್ಲಿತ್ತು, ಗಾಳಿ ಬೀಸುತ್ತಿತ್ತು. ಮುಂಬ್ರಾದ ಗುಡ್ಡ ನೋಡಿದ ನೆನಪಿದೆ. ಆಮೇಲೆ ಪಕ್ಕದವರ ಹೆಗಲೇ ನನ್ನ ದಿಂಬು.

ನಿದ್ದೆಯಲ್ಲಿ ನನ್ನ ಬಲಗೈ ಒಮ್ಮೊಮ್ಮೆ ಜಗ್ಗುತ್ತದೆ. ಅದು ಫಿಟ್ಸ್ ಅಲ್ಲವೆಂದು ಡಾಕ್ಟರೇ ಹೇಳಿದ್ದಾರೆ. ಡಬ್ಬಿಯ ಜನಕ್ಕೆ ಅದು ಹೇಗೆ ಗೊತ್ತಾಗಬೇಕು? ಎಚ್ಚರವಾದಾಗ ಮೂಗಿಗೆ ಒಂದು ಚರ್ಮದ ಚಪ್ಪಲಿ ಒತ್ತಿಕೊಂಡಿತ್ತು. ಮುಷ್ಟಿಯಲ್ಲಿ ಯಾರದೋ ಕೀಲಿ ಗೊಂಚಲು. ಒಬ್ಬ ಎದೆ ತಿಕ್ಕುತ್ತಿದ್ದ, ಒಬ್ಬ ಪೇಪರಿನಿಂದ ಗಾಳಿ ಹಾಕುತ್ತಿದ್ದ, ಎಲ್ಲರೂ ಒಟ್ಟಿಗೆ ಸಲಹೆ ಕೊಡುತ್ತಿದ್ದರು. ಫಿಟ್ಸಿಗೆ ಚಪ್ಪಲಿ ಮೂಸಿಸುವುದರಲ್ಲಿ, ಕೈಗೆ ಕಬ್ಬಿಣ ಕೊಡುವುದರಲ್ಲಿ ಹಾವೇರಿಗೂ ಮುಂಬಯಿಗೂ ಏನೂ ವ್ಯತ್ಯಾಸವಿಲ್ಲ. ಪರದೇಶದಲ್ಲಿ ನನಗೆ ಮೊದಲ ಬಾರಿ ಊರಿನ ನೆನಪಾದದ್ದು ಆ ಚಪ್ಪಲಿಯಿಂದ.

'ನಿದ್ದಿ...' ಎಂದೆ, 'ನಿದ್ದಿ...' ಯಾರಿಗೂ ತಿಳಿಯಲಿಲ್ಲ. ನನ್ನ ನಾಲಿಗೆಯ ತಡವರಿಕೆ ಕೇಳಿ ಅವರಿಗೆ ಗಾಬರಿ ಇನ್ನೂ ಹೆಚ್ಚಿತು. ಆಗ ಬಾಗಿಲ ಬಳಿಯಿಂದ ಒಬ್ಬ ಗಟ್ಟಿಮುಟ್ಟು ಆಳು ಜನರನ್ನು ಸರಿಸಿಕೊಂಡು ಬಂದ. 'ಯಣ್ಣಾ, ಕನ್ನಡದೋರೇನ್ರಿ? ಏನ್ ಆಗ್ಯಾದ ನಿಮಗ?'

ಹೆಸರು ಶರಣಪ್ಪ, ಕಲಬುರಗಿ ಕಡೆಯವನು, ಕಲ್ಯಾಣದಲ್ಲಿ ಲಾರಿ ಲೋಡಿಂಗ್ ಕೆಲಸಕ್ಕೆ ಹೊರಟವನು. ನಾನು ನಿಧಾನಕ್ಕೆ ಹೇಳಿದೆ. ಅವನು ಕೇಳಿ, ಎಲ್ಲರಿಗೂ ಹಿಂದಿಯಲ್ಲಿ ಸಾರಿದ: ಮುದುಕಪ್ಪ ಮಲಗಿದ್ದರು, ಅಷ್ಟೇ. ಇಡೀ ಡಬ್ಬಿ ನಕ್ಕಿತು. ನಾನು ಮುದುಕಪ್ಪನಲ್ಲ ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಕಲ್ಯಾಣ ಬಂತು. ಡೊಂಬಿವಲಿ ಹಿಂದೆಯೇ ಉಳಿದಿತ್ತು.

ಕೀಲಿಯ ಯಜಮಾನರೂ ಇಳಿದರು. ಕನ್ನಡಕದ, ಸಣ್ಣಗಿನ ಮರಾಠಿ ಗುಮಾಸ್ತರು. ಅವರ ಮನೆಯೂ ಡೊಂಬಿವಲಿಯಲ್ಲೇ. ತಮ್ಮ ಸ್ಟೇಷನ್ ಬಂದಾಗಲೂ ಅವರು ಇಳಿದಿರಲಿಲ್ಲ. ಯಾಕೆಂದು ಶರಣಪ್ಪ ಕೇಳಿದ್ದಕ್ಕೆ ಅವರು ನಾಚಿಕೊಂಡು ಏನೋ ಅಂದರು. ಅವನು ನನಗೆ ತಿಳಿಸಿದ, 'ಫಿಟ್ಸ್ ಬಂದೋರ ಕೈಯಾಗಿಂದ ಕೀಲಿ ಹ್ಯಾಂಗ್ ಕಸಗೊಳ್ಳೋದು ಅಂತ ಕುಂತ್ರಂತ.'

ನನಗೆ ಕಣ್ಣು ತುಂಬಿ ಬಂತು. ಕೀಲಿ ಕೊಟ್ಟೆ. ಮೂವರೂ ಡೊಂಬಿವಲಿಗೆ ವಾಪಸು ಹೋಗುವ ಗಾಡಿ ಹತ್ತಿದೆವು. ನಿನ್ನ ಕೆಲಸ ಎಂದು ಶರಣಪ್ಪನನ್ನು ಕೇಳಿದರೆ, 'ಲಾರಿ ಎಲ್ಲಿ ಓಡಿ ಹೋಗ್ತದ ಯಣ್ಣಾ' ಎಂದ.

ಡೊಂಬಿವಲಿ, ಮತ್ತೊಮ್ಮೆ

ಗಿರಿಜಾ ಇರಬೇಕಾದ ಕಡೆ ಇರಲಿಲ್ಲ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹುಡುಕಿದೆವು. ಒಂದೊಂದು ಗಾಡಿ ಬಂದಾಗಲೂ ಜನ ತುಂಬಿಕೊಂಡು ನಮ್ಮನ್ನು ಎಲ್ಲಿಂದೆಲ್ಲಿಗೋ ತಳ್ಳುತ್ತಿದ್ದರು. ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲದ ಹೆಂಗಸು, ಗಂಡ ಎಲ್ಲೋ ಬಿದ್ದಿದ್ದಾನೆಂದು ನಂಬಿ ಈ ಜನಸಾಗರದಲ್ಲಿ ಒಬ್ಬಳೇ ಇದ್ದಾಳೆ. ಎರಡು ವರ್ಷದಿಂದ ಅವಳು ಹೆದರಿದ್ದು ಇದಕ್ಕೇ ಅಲ್ಲವೇ?

ಗುಮಾಸ್ತರು ನಮ್ಮನ್ನು ಕೂಗುವವರ ಕೋಣೆಗೆ ಕರೆದೊಯ್ದರು. ಸಣ್ಣ ಕೋಣೆ, ಟೇಬಲ್ಲಿನ ಮೇಲೆ ಮೈಕು, ಪಕ್ಕದಲ್ಲಿ ಅರ್ಧ ಕುಡಿದ ಚಹಾ. ನಮ್ಮಲ್ಲಿಯೂ ಹಾಗೇ ಇರುತ್ತದೆ. ಅಲ್ಲಿದ್ದವರು ಒಳ್ಳೆಯ ಮನುಷ್ಯ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಮರಾಠಿಯಲ್ಲಿ, ಹಿಂದಿಯಲ್ಲಿ ಗಿರಿಜಾಬಾಯಿಯನ್ನು ಕರೆದರು. ಕಾದೆವು. ಯಾರೂ ಬರಲಿಲ್ಲ.

ಶರಣಪ್ಪ ಅವರಿಗೆ ಏನೋ ಹೇಳಿದ. ಅವರು ನನ್ನ ಮುಖವನ್ನೊಮ್ಮೆ ನೋಡಿ ಮೈಕನ್ನು ನನ್ನ ಕಡೆ ತಿರುಗಿಸಿದರು.

ಎರಡು ವರ್ಷದ ಮೇಲೆ ಮೈಕು ನನ್ನ ಬಾಯಿಯ ಮುಂದೆ ಇತ್ತು.

'ಪ್ರಯಾಣಿಕರ ಗಮನಕ್ಕೆ' ಎಂದೆ. ಅದು ಸ್ವಚ್ಛವಾಗಿ ಬಂತು, ನನಗೇ ನಂಬಿಕೆಯಾಗಲಿಲ್ಲ. ಆಮೇಲೆ ನಾಲಿಗೆ ನಿಂತುಬಿಟ್ಟಿತು. ಹೊರಗೆ ಅಷ್ಟು ಜನ ನನ್ನ ಉಸಿರನ್ನೇ ಕೇಳುತ್ತಿರಬೇಕು. ಯಾರೂ ಅವಸರ ಮಾಡಲಿಲ್ಲ. 'ಹಾವೇರಿಯಿಂದ... ಬಂದ... ಗಿರಿಜಾ... ಎರಡನೆಯ ಅಂಕಣದಲ್ಲಿ... ನಿಮ್ಮ ಗಂಡ... ನಿಂತಿದ್ದಾರೆ.'

ರೈಲ್ವೆಯಲ್ಲಿ ಎಲ್ಲಿಯ ಅಂಕಣ? ಬಾಯಿಗೆ ಅದೇ ಬಂತು.

ಮೇಲಿನ ಸೇತುವೆಯಿಂದ ಅವಳು ಇಳಿದು ಬರುವುದು ಕಿಟಕಿಯಲ್ಲಿ ಕಂಡಿತು. ನಾನು ಬೆರಳು ತೋರಿಸಿದೆ, ಶರಣಪ್ಪ ಹೊರಗೆ ಹೋಗಿ ಅವಳಿಗೆ ಕೈ ಬೀಸಿದ. ಎಲ್ಲ ಗಾಡಿಗಳೂ ಕಾಣಲಿ ಎಂದು ಸೇತುವೆ ಹತ್ತಿ ನಿಂತಿದ್ದಳಂತೆ. ಜನರನ್ನು ಎರಡೂ ಕೈಯಿಂದ ಸರಿಸಿಕೊಂಡು, ಇಷ್ಟು ವರ್ಷ ಅಲ್ಲಿಯೇ ಬಾಳಿದವಳ ಹಾಗೆ ಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

'ನಿಂತಾರ ಅಂತ ಹೇಳಿದ್ರಿ, ನೋಡಿದ್ರ ಸ್ಟೂಲ್ ಮ್ಯಾಲ ಕುಂತೀರಿ' ಎಂದಳು. ಆಮೇಲೆ ಅಳತೊಡಗಿದಳು. ಮೈಕು ಇನ್ನೂ ಚಾಲೂ ಇತ್ತು. ಡೊಂಬಿವಲಿ ಸ್ಟೇಷನ್ನಿನವರೆಲ್ಲ ಹಾವೇರಿಯ ಹೆಂಗಸಿನ ಅಳುವನ್ನು ಸ್ವಲ್ಪ ಹೊತ್ತು ಕೇಳಿದರು.

ಮರುದಿನ ಬೆಳಿಗ್ಗೆ ಸವಿತಾ ಚಹಾ ಕೊಟ್ಟಾಗ ನಾನೇ ಮೊದಲು ಮಾತು ತೆಗೆದೆ. ಗಿರಿಜಾಳ ಮುಖವನ್ನು ಆ ಕಿಟಕಿಯಿಂದ ನೋಡಿದ ಮೇಲೆ ನನಗೆ ಮೈಕು ಬೇಡವಾಗಿತ್ತು. 'ಸಂಶೋಧನೆ... ಬ್ಯಾಡ. ಇದ ಗುಳಗಿ... ಇರ್ಲಿ.'

ಗಿರಿಜಾ ಚಹಾದ ಬಟ್ಟಲನ್ನು ಕೆಳಗಿಟ್ಟಳು. 'ಸೇರ್ರಿ.'

'ನೀನ ಒಲ್ಲೆ ಅಂದಿದ್ದಿ.'

'ನಿನ್ನೆ ಅಂದಿದ್ದೆ. ಆ ದನಿ ಸತ್ತೋಗೈತಿ ಅಂತ ತಿಳ್ಕೊಂಡಿದ್ದೆ ನಾ. ಸೇತುವಿ ಮ್ಯಾಲ ನಿಂತಾಗ ಕೇಳಿಸ್ತು. ಒಳಗ ಐತ್ರೀ ಅದು, ಹಂಗ ಐತಿ. ಗುಳಗಿ ಹಿಡ್ಕೊಂಡು ಕುಂತಿದ್ರ ಬಿಡ್ಲಿ.' ಬಟ್ಟಲನ್ನು ಮತ್ತೆ ಎತ್ತಿಕೊಂಡು ಹೇಳಿದಳು, 'ನಾ ಇರಲಾರದ ಕಡೆ ಯಾರ್ ಹಿಡೀತಾರ ಅಂತಿದ್ದೆ. ಹೆಸರು ಗೊತ್ತಿಲ್ಲದೋರು ಹಿಡಿದ್ರು. ಊರಾಗ ಗುರ್ತಿನೋರು ಹಿಡಿಯೂದಿಲ್ಲೇನು?'

'ಹಿಡೀತಾರ' ಎಂದೆ.

'ಚಪ್ಪಲಿ ಮಾತ್ರ ತೊಳದದ್ದು ಇರ್ಲಿ' ಎಂದಳು. ಸವಿತಾಳಿಗೆ ನಗು ತಡೆಯಲಾಗಲಿಲ್ಲ. 'ಆತ್ಯಾ, ನೀವು ಭಾಳ ಛಲೋ ಅದೀರಿ' ಎಂದಳು. ನಾವಿದ್ದಷ್ಟು ದಿನದಲ್ಲಿ ಆ ಹುಡುಗಿ ಆಡಿದ ಪೂರಾ ಕನ್ನಡ ಅದೊಂದೇ.

ಕರ್ಜತ್

ಹಾಗೆ ನಾನು ಸಂಶೋಧನೆಗೆ ಸೇರಿದೆ. ನಮ್ಮ ಹುಬ್ಬಳ್ಳಿ ಡಾಕ್ಟರೂ ಒಪ್ಪಿದರು. ಊರಿಗೆ ಮರಳುವಾಗ ಚೀಲದಲ್ಲಿ ಹೊಸ ಗುಳಿಗೆಯ ಪೊಟ್ಟಣವಿತ್ತು. ಬಣ್ಣ ಅದೇ, ಆಕಾರ ಅದೇ. ಒಳಗೆ ಔಷಧವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಇದನ್ನು ಬರೆಯುವ ಹೊತ್ತಿಗೂ ಗೊತ್ತಾಗಿಲ್ಲ. ನಾಲಿಗೆ ಮೊದಲಿಗಿಂತ ವಾಸಿ ಎಂದು ಕೆಲವು ದಿನ ಅನಿಸುತ್ತದೆ. ಮತ್ತೆ ಕೆಲವು ದಿನ, ಬೇಕೆಂದು ಅನಿಸುತ್ತಿದೆಯೇನೋ ಎಂದು ಅನುಮಾನವಾಗುತ್ತದೆ. ಡಾಕ್ಟರಮ್ಮ ಹೇಳಿದ್ದು ಇದನ್ನೇ ಇರಬೇಕು.

ಕಲ್ಯಾಣದಲ್ಲಿ ಹಗಲು ಗಾಡಿ ಹತ್ತಿದೆವು. ಕಿಟಕಿಯ ಬಳಿ ಗಿರಿಜಾ ಕೂತಳು, ಪಕ್ಕದಲ್ಲಿ ನಾನು. ಊರು ಕಳೆದು ಹೊಲ ಶುರುವಾಗುತ್ತಿದ್ದ ಹಾಗೆ ಅವಳ ತಲೆ ನನ್ನ ಹೆಗಲಿಗೆ ವಾಲಿತು. ಸೆರಗಿನ ತುದಿ ಅವಳ ಮಡಿಲಲ್ಲೇ ಇತ್ತು, ಗಂಟು ಹಾಕಿರಲಿಲ್ಲ. ಬಾಯಿ ತುಸು ತೆರೆದಿತ್ತು. ಎರಡು ವರ್ಷದಲ್ಲಿ ಅವಳು ಮೈಮರೆತು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಕಣ್ಣೆಳೆಯುತ್ತಿತ್ತು, ಆದರೆ ಆ ದಿನ ಮಲಗುವ ಪಾಳಿ ಅವಳದು. ಹೆಗಲು ಅಲುಗದಂತೆ ಕೂತೆ.

ಕರ್ಜತ್‌ನಲ್ಲಿ ಘಟ್ಟ ಏರಲೆಂದು ಹಿಂದಿನಿಂದ ಇನ್ನೊಂದು ಇಂಜಿನ್ ಹಚ್ಚುತ್ತಾರೆ. ಧಡ್ ಎಂದಿತು. ಅವಳು ಬೆಚ್ಚಿ, ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟನ್ನು ತಡಕಿ ಹಿಡಿದಳು.

ನಾನು ಬಗ್ಗಿ ಅವಳ ಕಿವಿಯ ಹತ್ತಿರ, ತೊಡೆಯ ಮೇಲಿನ ಕೂಸು ಏಳದಂಥ ದನಿಯಲ್ಲಿ ಹೇಳಿದೆ. 'ಪ್ರಯಾಣಿಕರ ಗಮನಕ್ಕೆ... ಕರ್ಜತ್... ಬಂದಿದೆ. ತಾವು... ಇಳಿಯಬೇಕಾಗಿಲ್ಲ. ಮಲಗಿರಿ.'